ಸೂಳೆಕೆರೆಯಲ್ಲಿ ವಾರವಾರ ಹಾಯಿದೋಣಿ ರೇಸ್: ಆಗುತ್ತದೆಯೇ?

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನವನು, ಕೆಲಸ ದಾವಣಗೆರೆಯಲ್ಲಿ. ಹೋದ ವರ್ಷ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳ ಊರಿನ ಕೆರೆಯಲ್ಲಿ ಪ್ರತಿ ಭಾನುವಾರ ಹಾಯಿದೋಣಿಗಳ ರೇಸ್ ನಡೆಯುವುದನ್ನು ಕಂಡೆ. ಆ ಕೆರೆ ನಮ್ಮ ಸೂಳೆಕೆರೆಯ ಕಾಲು ಭಾಗವೂ ಇರಲಿಲ್ಲ. ಏಳೆಂಟು ಜನ ಸ್ನೇಹಿತರು ಸೇರಿ ಇಲ್ಲೂ ಒಂದು ಸೈಲಿಂಗ್ ಕ್ಲಬ್ ಆರಂಭಿಸಬೇಕೆಂದಿದ್ದೇವೆ. ಸೂಳೆಕೆರೆ ಒಳ್ಳೆಯದೋ, ಹಿರಿಯೂರಿನ ವಾಣಿವಿಲಾಸ ಸಾಗರವೋ? ಎಷ್ಟು ದೋಣಿ ಬೇಕು? ಕಟ್ಟಡ, ಜೆಟ್ಟಿ ಏನೂ ಇಲ್ಲದೆ ಶುರು ಮಾಡಬಹುದೇ? ನಮ್ಮಲ್ಲಿ ಇಬ್ಬರಿಗೆ ಮಾತ್ರ ಹಾಯಿ ಹಿಡಿದ ಅನುಭವವಿದೆ.

ಉತ್ತರ: ಶುರು ಮಾಡಬಹುದು. ಕಟ್ಟಡದ ಯೋಚನೆಯನ್ನು ಐದು ವರ್ಷ ಮರೆತುಬಿಡಿ. ಒಂದೇ ಮಾದರಿಯ ನಾಲ್ಕು ದೋಣಿ, ಎಂಜಿನ್ ಇರುವ ಒಂದು ರಕ್ಷಣಾ ದೋಣಿ, ಒಂದು ಗಡಿಯಾರ, ಮೂರು ಬಾವುಟ, ಒಂದು ಸೀಟಿ ಇದ್ದರೆ ರೇಸ್ ನಡೆಯುತ್ತದೆ. ಇವೆಲ್ಲ ದುಡ್ಡಿಗೆ ಸಿಗುವ ವಸ್ತುಗಳು. ದುಡ್ಡಿಗೆ ಸಿಗದ ಒಂದಿದೆ: ತಾನು ದೋಣಿ ಹತ್ತದ ದಿನವೂ ಬಂದು ದಡದಲ್ಲಿ ನಿಂತು ಬೇರೆಯವರ ರೇಸ್ ನಡೆಸಿಕೊಡಲು ಒಪ್ಪುವ ಜನ. ನಮ್ಮ ಹಳ್ಳಿಗಳ ಭಜನಾ ಮಂಡಳಿಗಳನ್ನು ನೋಡಿ. ಒಳ್ಳೆಯ ಕಂಠದವರು ಇದ್ದುದಕ್ಕೆ ಉಳಿದ ಮಂಡಳಿಗಳಿಗಿಂತ, ಶನಿವಾರ ಸಂಜೆ ತಪ್ಪದೆ ಬಂದು ದೀಪ ಹಚ್ಚಿ ಚಾಪೆ ಹಾಸುವವರು ಇದ್ದುದಕ್ಕೆ ಉಳಿದವೇ ಹೆಚ್ಚು. ಸೈಲಿಂಗ್ ಕ್ಲಬ್ಬಿನ ಕಥೆಯೂ ಅದೇ. ಹೀಗಾಗಿ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಲೇ ನೀವು ಕೇಳದ ಈ ವಿಷಯಕ್ಕೆ ಮತ್ತೆ ಮತ್ತೆ ಬರುತ್ತೇನೆ.

ಮೊದಲು ನೀರಿನ ಮಾತು. ಶಾಂತಿಸಾಗರ, ಅಂದರೆ ಸೂಳೆಕೆರೆ, ತುಂಬಿದಾಗ ಸುಮಾರು 6,500 ಎಕರೆ ಹರಡುತ್ತದೆ. ವಾಣಿವಿಲಾಸ ಸಾಗರ ಅದಕ್ಕಿಂತ ದೊಡ್ಡದು ಮತ್ತು ಆಳ. 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು, ಗರಿಷ್ಠ ಮಟ್ಟ 130 ಅಡಿ, ಸಂಗ್ರಹ ಸಾಮರ್ಥ್ಯ 30 ಟಿಎಂಸಿ. ವಾರದ ರೇಸ್‌ಗೆ ಎರಡೂ ಬೇಕಾದಷ್ಟಾಯಿತು. ಹತ್ತು ಸಣ್ಣ ದೋಣಿಗಳ ರೇಸ್‌ಗೆ ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲದ ತೆರೆದ ನೀರು ಸಾಕು. ನೀವು ದಾವಣಗೆರೆ, ಚನ್ನಗಿರಿಯವರಾದ್ದರಿಂದ ಸೂಳೆಕೆರೆಯನ್ನೇ ಹಿಡಿಯಿರಿ. ಬೆಳಿಗ್ಗೆ ಎದ್ದು ಹಿರಿಯೂರಿನವರೆಗೆ ಹೋಗಬೇಕಾದ ಕ್ಲಬ್ಬಿಗೆ ಮೊದಲ ತಿಂಗಳು ಎಲ್ಲರೂ ಬರುತ್ತಾರೆ, ಮೂರನೆಯ ತಿಂಗಳು ಇಬ್ಬರೇ ಬರುತ್ತಾರೆ. ಹಿರಿಯೂರು, ಚಿತ್ರದುರ್ಗದವರು ಮುಂದೊಂದು ದಿನ ತಮ್ಮ ನೀರಿನಲ್ಲಿ ತಮ್ಮದೇ ಕ್ಲಬ್ ಕಟ್ಟಿಕೊಳ್ಳಲಿ, ಎರಡೂ ಕಡೆಯವರು ವರ್ಷಕ್ಕೊಮ್ಮೆ ಸೇರಿ ಓಡಲಿ ಎಂಬುದು ನನ್ನ ಆಸೆ.

ಎರಡೂ ಕಡೆ ಒಂದು ಎಚ್ಚರಿಕೆ ಒಂದೇ. ಎರಡೂ ಏರಿಗಳು ಗುಡ್ಡಗಳ ನಡುವಿನ ಕಿರುದಾರಿಗೆ ಅಡ್ಡ ಕಟ್ಟಿದವು. ಗುಡ್ಡದ ಮರೆಯಲ್ಲಿ ಗಾಳಿ ಒಂದು ನಿಮಿಷ ಸತ್ತು ಮರುನಿಮಿಷ ಬೇರೆ ದಿಕ್ಕಿನಿಂದ ರಪ್ಪನೆ ಬಡಿಯುತ್ತದೆ. ಹೊಸಬರನ್ನು ಅಲ್ಲಿಗೆ ಬಿಡಬಾರದು. ಅದಕ್ಕಿಂತ ಮುಖ್ಯವಾಗಿ ತೂಬು ಮತ್ತು ಕೋಡಿಯ ಹತ್ತಿರಕ್ಕೆ ಯಾವ ದೋಣಿಯೂ ಸುಳಿಯಬಾರದು. ಕೆರೆಯ ತೆರೆದ ಭಾಗದಲ್ಲಿ, ನೆಲ ಮೆಲ್ಲಗೆ ನೀರಿಗೆ ಇಳಿಯುವ ದಡವನ್ನು ಹುಡುಕಿ. ಬೇಸಿಗೆಯಲ್ಲಿ ನೀರು ದಡ ಬಿಟ್ಟು ಬಹಳ ದೂರ ಸರಿಯುತ್ತದೆ. ವಾಣಿವಿಲಾಸ ಸಾಗರವಂತೂ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ಹೀಗೆ ಏರಿಳಿಯುವ ನೀರಿಗೆ ಕಾಂಕ್ರೀಟಿನ ಜೆಟ್ಟಿ ಕಟ್ಟಿದರೆ ಅದು ವರ್ಷದಲ್ಲಿ ಆರು ತಿಂಗಳು ಕೆಸರಿನ ಮೇಲೆ ನಿಂತಿರುತ್ತದೆ. ಇಬ್ಬರು ಎತ್ತಿ ಒಯ್ಯಬಹುದಾದ ದೋಣಿ, ಅಗಲ ಚಕ್ರದ ಕೈಗಾಡಿ ಇದ್ದರೆ ನೀರು ಎಲ್ಲಿಗೆ ಸರಿದರೂ ನೀವೂ ಅಲ್ಲಿಗೆ ಸರಿಯಬಹುದು.

ಗಾಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ; ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಅದನ್ನು ಹೇಳುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ, ನೈರುತ್ಯದ ಗಾಳಿ ಬಲವಾಗಿ ಬೀಸುತ್ತದೆ. ಪಳಗಿದವರಿಗೆ ಅದು ಹಬ್ಬ, ಹೊಸಬರಿಗೆ ಹೆದರಿಕೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಪೂರ್ವದ ಕಡೆಯಿಂದ ಹದವಾದ ಗಾಳಿ ಇರುತ್ತದೆ; ಬೆಳಗಿನ ಜಾವ ನೀರು ಕನ್ನಡಿ, ಬಿಸಿಲು ಏರಿದ ಮೇಲೆ ಅಲೆ. ನಿಮ್ಮ ಮೊದಲ ಸರಣಿಗೆ ಇದೇ ಕಾಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಯಾವಾಗ ಎರಗುತ್ತದೆಂದು ಹೇಳಲಾಗದು. ತೆರೆದ ನೀರಿನ ನಡುವೆ ಎದ್ದುನಿಂತ, ಹಾಯಿ ಹೊರುವ ಲೋಹದ ಕೂವೆಮರ ಸಿಡಿಲಿಗೆ ಕೊಟ್ಟ ಆಹ್ವಾನ. ಗುಡುಗು ಕೇಳಿಸಿದೊಡನೆ ರೇಸ್ ನಿಲ್ಲಬೇಕು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ದೋಣಿಗಳಿಗೆ ಬರುತ್ತೇನೆ. ಮಕ್ಕಳಿಗೆ ಆಪ್ಟಿಮಿಸ್ಟ್: 2.3 ಮೀಟರ್ ಉದ್ದ, 35 ಕಿಲೋ ತೂಕ, ಒಂದೇ ಹಾಯಿ, ಹದಿನೈದು ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ನಡೆಸಬಲ್ಲ ದೋಣಿ. ದೊಡ್ಡವರಿಗೆ ಲೇಸರ್, ಈಗ ಐಎಲ್‌ಸಿಎ ಎನ್ನುತ್ತಾರೆ: 4.23 ಮೀಟರ್ ಉದ್ದ, ಬರೀ ಒಡಲು ಸುಮಾರು 59 ಕಿಲೋ. ಅದರ ದೊಡ್ಡ ಗುಣವೆಂದರೆ ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಏರಿಸಬಹುದು. ದೊಡ್ಡದು ಏಳು ಚದರ ಮೀಟರ್, ಚಿಕ್ಕದು 4.7. ಹಗುರ ಮೈಯ ಕಾಲೇಜು ಹುಡುಗಿಗೂ ಎಂಬತ್ತು ಕಿಲೋ ತೂಗುವ ಅವಳ ಅಪ್ಪನಿಗೂ ಅದೇ ದೋಣಿ ಒದಗುತ್ತದೆ. ಮರುಮಾರಾಟದ ದೋಣಿ ಕೊಂಡರೂ ಅಡ್ಡಿಯಿಲ್ಲ. ಕೂವೆಮರ ಕೂರುವ ಗುಳಿಯ ಸುತ್ತ ಬಿರುಕಿದೆಯೇ ಎಂದು ಮಾತ್ರ ಬೆರಳಾಡಿಸಿ ನೋಡಿ.

ಕೈಗೆ ಸಿಕ್ಕ ಮಾದರಿಗಳನ್ನೆಲ್ಲ ಕಲೆಹಾಕಬೇಡಿ. ಬೇರೆ ಬೇರೆ ದೋಣಿಗಳನ್ನು ಒಟ್ಟಿಗೆ ಓಡಿಸಲು ದಾರಿಯಿದೆ, ನಿಜ. ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಎಂಬ ಪದ್ಧತಿಯಲ್ಲಿ ಪ್ರತಿ ಮಾದರಿಗೂ ಒಂದು ಸಂಖ್ಯೆ ಇರುತ್ತದೆ. ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸುತ್ತಾರೆ. 1200 ಸಂಖ್ಯೆಯ ನಿಧಾನದ ದೋಣಿ 60 ನಿಮಿಷದಲ್ಲಿ ಬಂದರೆ ಲೆಕ್ಕಕ್ಕೆ 50 ನಿಮಿಷ. 1000 ಸಂಖ್ಯೆಯ ದೋಣಿ 52 ನಿಮಿಷದಲ್ಲಿ ಮೊದಲೇ ಮುಟ್ಟಿದ್ದರೂ ಅದು ಎರಡನೆಯದು. ನ್ಯಾಯವಾದ ಲೆಕ್ಕವೇ. ಆದರೆ ಹೊಸ ಕ್ಲಬ್ಬಿನಲ್ಲಿ ಗೆದ್ದವರು ಯಾರೆಂದು ದಡದಲ್ಲಿ ನಿಂತ ಅಜ್ಜಿಗೂ ಕಣ್ಣಿಗೆ ಕಾಣಬೇಕು. ಮೊದಲು ಬಂದವರು ಮೊದಲಿಗರಾಗಬೇಕು.

ಈಗ ರೇಸ್. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಮೇಲೇರಬೇಕು. ಅದಕ್ಕೇ ಗಾಳಿ ಬರುವ ದಿಕ್ಕಿಗೆ ಒಂದು ತೇಲುಬುರುಡೆ, ಗಾಳಿ ಹೋಗುವ ದಿಕ್ಕಿಗೆ ಇನ್ನೊಂದು ಬುರುಡೆ ಕಟ್ಟುತ್ತೇವೆ. ಎದುರುಗಾಳಿಯಲ್ಲಿ ಜಾಣ್ಮೆಯ ಪರೀಕ್ಷೆ, ಹಿಂಗಾಳಿಯಲ್ಲಿ ತಾಳ್ಮೆಯ ಪರೀಕ್ಷೆ. ಆರಂಭದ ಗೆರೆ ಗಾಳಿಗೆ ಅಡ್ಡಲಾಗಿರಬೇಕು. ಅಂಥ ದಡ ಸಿಕ್ಕಿದರೆ ಆ ಗೆರೆಗೆ ಪ್ರತ್ಯೇಕ ದೋಣಿಯೂ ಬೇಡ. ದಡದಲ್ಲಿ ಒಂದರ ಹಿಂದೆ ಒಂದು ಎರಡು ಗಳು ನೆಟ್ಟು, ಎರಡೂ ಒಂದಾಗಿ ಕಾಣುವ ನೇರವನ್ನೇ ಗೆರೆ ಎಂದುಕೊಳ್ಳಿ, ನೀರಿನಲ್ಲಿ ಅದರ ಕೊನೆಗೊಂದು ಬುರುಡೆ ಬಿಡಿ. ಆ ಗಳುವಿನ ಹಿಂದೆ ಕಣ್ಣಿಟ್ಟು ನಿಂತವರೇ ಅಂದಿನ ರೇಸ್ ಅಧಿಕಾರಿ.

ರೇಸ್ ಆರಂಭಕ್ಕೆ ಐದು ನಿಮಿಷ ಇರುವಾಗ ಕ್ಲಾಸ್ ಬಾವುಟ, ಅಂದರೆ ಆ ದೋಣಿ ಮಾದರಿಯ ಬಾವುಟ ಏರುತ್ತದೆ, ಜೊತೆಗೊಂದು ಸೀಟಿ. ನಾಲ್ಕು ನಿಮಿಷಕ್ಕೆ ನೀಲಿಯ ನಡುವೆ ಬಿಳಿ ಚೌಕವಿರುವ ಸಿದ್ಧತೆಯ ಬಾವುಟ. ಒಂದು ನಿಮಿಷಕ್ಕೆ ಅದು ಇಳಿಯುತ್ತದೆ. ಆ ಕೊನೆಯ ನಿಮಿಷವನ್ನು ಒಮ್ಮೆ ದಡದಿಂದ ನೋಡಬೇಕು. ದೋಣಿಗಳು ಗೆರೆಯ ಹಿಂದೆ ಹಾಯಿ ಸಡಿಲಬಿಟ್ಟು ಪಟಪಟನೆ ಬಡಿಸುತ್ತ ಜಾಗ ಹಿಡಿದು ನಿಂತಿರುತ್ತವೆ. ಯಾರೂ ಮಾತನಾಡುವುದಿಲ್ಲ. ಹದಿನೈದು ಸೆಕೆಂಡು ಇರುವಾಗ ಒಬ್ಬ ಹಗ್ಗ ಎಳೆಯುತ್ತಾನೆ, ಬಡಿತ ನಿಂತು ಹಾಯಿ ಬಿಗಿಯುತ್ತದೆ, ದೋಣಿ ವಾಲುತ್ತದೆ, ಅವನು ಮೈಯನ್ನು ಗಾಳಿಯ ಕಡೆಗೆ ಹೊರಚಾಚುತ್ತಾನೆ. ಅವನನ್ನು ಕಂಡು ಪಕ್ಕದವಳು ಎಳೆಯುತ್ತಾಳೆ, ಆಮೇಲೆ ಸಾಲಿಗೆ ಸಾಲೇ. ಸೊನ್ನೆಗೆ ಕ್ಲಾಸ್ ಬಾವುಟ ಇಳಿದಾಗ ಗೆರೆಯ ಮೇಲೆ ಪೂರ್ಣ ವೇಗದಲ್ಲಿರಬೇಕು, ಒಂದು ಗೇಣೂ ಮುಂದಿರಬಾರದು. ಮುಂದಿದ್ದವರಿಗೆ ಬಿಳಿಯ ಮೇಲೆ ನೀಲಿ ಶಿಲುಬೆಯ ಎಕ್ಸ್ ಬಾವುಟ ತೋರಿಸುತ್ತಾರೆ. ಅವರು ಹಿಂದಿರುಗಿ ಮತ್ತೆ ಗೆರೆ ದಾಟಬೇಕು. ಸೀಟಿ ಕೇಳಿಸದಿದ್ದರೆ ಅದು ನೆಪವಾಗದು, ಲೆಕ್ಕ ಬಾವುಟದ್ದು. ಹತ್ತೂವರೆ ಎಂದು ಬರೆದಿದ್ದರೆ ಹತ್ತೂವರೆಗೇ ಬಾವುಟ ಇಳಿಯಲಿ, ಅಧ್ಯಕ್ಷರ ಕಾರು ಇನ್ನೂ ಏರಿಯ ಮೇಲೆ ಬರುತ್ತಿದ್ದರೂ ಸರಿ. ನಾಲ್ಕು ವಾರ ಹೀಗೆ ನಡೆದರೆ ಐದನೆಯ ವಾರದಿಂದ ಎಲ್ಲರೂ ಒಂಬತ್ತಕ್ಕೇ ಬಂದು ಹಾಯಿ ಕಟ್ಟುತ್ತಿರುತ್ತಾರೆ.

ನಿಯಮಗಳ ಪುಸ್ತಕವನ್ನು ವರ್ಲ್ಡ್ ಸೈಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಈಗಿನದು 2025ರಿಂದ 2028ರವರೆಗಿನದು. ಹೊಸಬರಿಗೆ ಮೂರು ನಿಯಮ ಸಾಕು. ಎಡಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿ, ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಬದಿಯ ಗಾಳಿಯಾಗಿ ಅಕ್ಕಪಕ್ಕದಲ್ಲಿದ್ದರೆ, ಗಾಳಿ ಬರುವ ಕಡೆಗಿರುವವರು ಬಿಡಬೇಕು. ಹಿಂದಿನವರು ಮುಂದಿನವರಿಗೆ ಬಿಡಬೇಕು. ತಪ್ಪಿದರೆ ಸೀಟಿ ಊದುವ ರೆಫರಿ ನೀರಿನ ಮೇಲೆ ಇಲ್ಲ. ತಪ್ಪಿದವರು ತಾವೇ ಪಕ್ಕಕ್ಕೆ ಸರಿದು ದೋಣಿಯನ್ನು ಎರಡು ಸುತ್ತು ತಿರುಗಿಸಿ ಮುಂದುವರಿಯಬೇಕು. ಬುರುಡೆಗೆ ತಗುಲಿಸಿದರೆ ಒಂದು ಸುತ್ತು. ಯಾರೂ ನೋಡದಿದ್ದಾಗಲೂ ಸುತ್ತು ಹಾಕಬೇಕು. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿಂದ. ಹನ್ನೆರಡು ವರ್ಷದ ಹುಡುಗ ಮುಂದಿದ್ದರೂ, ದೂರದ ಬುರುಡೆಗೆ ತನ್ನ ಬೂಮ್ (ಹಾಯಿಯ ಕೆಳಗಿನ ಅಡ್ಡಗಳು) ತಾಗಿದ್ದು ತನಗೊಬ್ಬನಿಗೇ ಗೊತ್ತಿದ್ದರೂ, ಸುತ್ತು ಹಾಕಿ ಮೂರನೆಯವನಾಗಿ ದಡಕ್ಕೆ ಬರುತ್ತಾನೆ. ಇದನ್ನು ದೊಡ್ಡವರು ಮಾಡಿ ತೋರಿಸಿದರೆ ಮಾತ್ರ ಮಕ್ಕಳಿಗೆ ಬರುತ್ತದೆ.

ಅಂಕಗಳಲ್ಲಿ ಕಡಿಮೆ ಬಂದವರು ಗೆದ್ದಂತೆ: ಮೊದಲಿಗರಿಗೆ ಒಂದು, ಎರಡನೆಯವರಿಗೆ ಎರಡು. ಬಾರದವರಿಗೆ ಸರಣಿಯಲ್ಲಿ ಹೆಸರು ಕೊಟ್ಟ ದೋಣಿಗಳ ಸಂಖ್ಯೆಗೆ ಒಂದು ಕೂಡಿಸಿ. ಹತ್ತು ವಾರದ ಸರಣಿಯಾದರೆ ಪ್ರತಿಯೊಬ್ಬರ ಅತಿ ಕೆಟ್ಟ ಎರಡು ಫಲಿತಾಂಶ ಬಿಟ್ಟುಬಿಡಿ; ಮದುವೆ, ಜಾತ್ರೆ, ಅಡಿಕೆ ಕೊಯ್ಲು ಯಾರಿಗೂ ತಪ್ಪಿದ್ದಲ್ಲ. ಇಲ್ಲಿಯೇ ಇನ್ನೊಂದು ನಿಯಮ ಸೇರಿಸಿ, ಮತ್ತು ಅದನ್ನು ಯಾವ ಕಾರಣಕ್ಕೂ ಬಿಡಬೇಡಿ: ದಡದ ಕೆಲಸಕ್ಕೆ ನಿಂತವರಿಗೆ ಆ ವಾರ ಅವರ ಉಳಿದ ರೇಸ್‌ಗಳ ಸರಾಸರಿ ಅಂಕ. ಬಹಳಷ್ಟು ಕ್ಲಬ್ಬುಗಳು ಇದನ್ನು ಪಾಲಿಸುತ್ತವೆ. ಇದಿಲ್ಲದಿದ್ದರೆ ಕಪ್ ಗೆಲ್ಲುವ ಆಸೆಯಿದ್ದವರು ಒಬ್ಬರೂ ಗಡಿಯಾರ ಹಿಡಿಯುವುದಿಲ್ಲ, ಹಿಡಿಯುವವರು ಎಂದೂ ಓಡುವುದಿಲ್ಲ. ಎರಡನೆಯ ವರ್ಷಕ್ಕೆ ಕ್ಲಬ್ಬಿನಲ್ಲಿ ಎರಡು ಜಾತಿಯಾಗುತ್ತದೆ. ಹಾಗೆ ಒಡೆದ ಕ್ಲಬ್ಬುಗಳನ್ನು ಕಂಡಿದ್ದೇನೆ. ದೋಣಿಗಳು ಮುಸುಕು ಹೊದ್ದು ಶೆಡ್ಡಿನಲ್ಲಿ ಮಲಗುತ್ತವೆ.

ಹೀಗಾಗಿ ಪ್ರತಿ ಭಾನುವಾರಕ್ಕೆ ನಾಲ್ಕು ಜನರ ಸರದಿ ಬರೆಯಿರಿ: ರೇಸ್ ಅಧಿಕಾರಿ, ಸಮಯ ಬರೆಯುವವರು, ರಕ್ಷಣಾ ದೋಣಿಗೆ ಇಬ್ಬರು. ಏಳೆಂಟು ಜನರಿಂದ ಇದು ನಡೆಯದು, ಹದಿನೈದಾದರೂ ಬೇಕು. ಆದರೆ ಅವರೆಲ್ಲ ಹಾಯಿ ಹಿಡಿಯುವವರೇ ಆಗಬೇಕಿಲ್ಲ. ಮಕ್ಕಳನ್ನು ಕರೆತಂದ ತಾಯಂದಿರು, ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು ಸಮಯ ಬರೆಯುವುದರಲ್ಲಿ ನನಗಿಂತ ಚುರುಕಾಗಿರುತ್ತಾರೆ. ಅವರಿಗೂ ಪೂರ್ಣ ಸದಸ್ಯತ್ವ ಕೊಡಿ, ಸಭೆಯಲ್ಲಿ ಮತ ಕೊಡಿ.

ಸುರಕ್ಷತೆಯ ವಿಷಯದಲ್ಲಿ ನಾನು ಕಟುವಾಗಿಯೇ ಇರುತ್ತೇನೆ. ಈಜು ಬಲ್ಲವರೂ ಲೈಫ್ ಜಾಕೆಟ್ ಇಲ್ಲದೆ ದಡ ಬಿಡಬಾರದು. ದಡದಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಸಂಖ್ಯೆಯ ಬಿಲ್ಲೆಗಳಿರಲಿ. ನೀರಿಗಿಳಿಯುವವರು ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಿ ಬಂದಮೇಲೆ ಅಲ್ಲೇ ತೂಗುಹಾಕಬೇಕು. ಒಂದು ಮೊಳೆ ಖಾಲಿಯಿದ್ದರೂ ಯಾರೂ ಮನೆಗೆ ಹೊರಡುವಂತಿಲ್ಲ. ದೋಣಿ ಮಗುಚುವುದು ಈ ಆಟದಲ್ಲಿ ಮಾಮೂಲು; ಮೊದಲ ಪಾಠವೇ ಅದಾಗಲಿ. ಮಗುಚಿದಾಗ ದೋಣಿ ಬಿಟ್ಟು ದಡಕ್ಕೆ ಈಜಬಾರದು. ದೋಣಿ ಮುಳುಗುವುದಿಲ್ಲ, ಈಜುವವನು ದಣಿಯುತ್ತಾನೆ. ತಳದಿಂದ ಹೊರಚಾಚಿದ ನಡುಹಲಗೆಯ ಮೇಲೆ ಭಾರ ಹಾಕಿದರೆ ದೋಣಿ ಎದ್ದು ನಿಲ್ಲುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಇದು ಆಗದು. ಎದೆಮಟ್ಟದ ನೀರಿನಲ್ಲಿ ಪ್ರತಿಯೊಬ್ಬರೂ ಮೂರು ಸಲ ಮಗುಚಿ ಎತ್ತಿದ ಮೇಲೆಯೇ ರೇಸ್‌ಗೆ ಹೆಸರು ಬರೆಸಲಿ. ರಕ್ಷಣಾ ದೋಣಿ ಮೊದಲು ಮನುಷ್ಯರನ್ನು ಎತ್ತಬೇಕು, ದೋಣಿ ಆಮೇಲೆ. ಅಪಾಯದಲ್ಲಿರುವವರನ್ನು ಕಂಡ ಸ್ಪರ್ಧಿಯೂ ರೇಸ್ ಬಿಟ್ಟು ನೆರವಿಗೆ ಹೋಗಬೇಕೆಂಬುದು ನಿಯಮ ಪುಸ್ತಕದ ಮೊಟ್ಟಮೊದಲ ನಿಯಮ. ಕೆರೆಯ ತುಂಬ ಬಿಳಿನೊರೆಯ ಅಲೆ ಕಾಣತೊಡಗಿದರೆ ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದೆ ಎಂದರ್ಥ. ಮೊದಲ ವರ್ಷ ಅಲ್ಲಿಗೇ ನಿಲ್ಲಿಸಿ.

ನಮ್ಮ ಹಳ್ಳಿಗಳಿಗೇ ವಿಶೇಷವಾದ ಅಪಾಯವೊಂದಿದೆ. ಹೊಲದ ಪಂಪ್‌ಸೆಟ್‌ಗಳಿಗೆ ಎಳೆದ ತಂತಿ ಕೆರೆಯಂಚಿನಲ್ಲಿ ಕೈಗೆಟಕುವಂತೆ ಜೋತಿರುತ್ತದೆ, ಕೂವೆಮರ ಆರು ಮೀಟರ್ ಎತ್ತರದ ಲೋಹ. ದಡಕ್ಕೆ ಹೋಗುವ ದಾರಿಯಲ್ಲಿ ಕೂವೆಮರ ಮಲಗಿಸಿಯೇ ಒಯ್ಯಿರಿ. ತಂತಿಯಿಲ್ಲದ ಬಯಲಿನಲ್ಲಿ ಮಾತ್ರ ಎತ್ತಿ ನಿಲ್ಲಿಸಿ.

ಅನುಮತಿಗೆ ನೀರಾವರಿ ಇಲಾಖೆ, ಜಿಲ್ಲಾಡಳಿತ ಮತ್ತು ಗ್ರಾಮ ಪಂಚಾಯಿತಿಗೆ ಬರಹದಲ್ಲಿ ಅರ್ಜಿ ಕೊಡಿ. ಈ ನೀರು ಊರುಗಳಿಗೆ ಕುಡಿಯಲು ಹೋಗುತ್ತದೆ, ಹೀಗಾಗಿ ಎಣ್ಣೆ ಸೋರದ ಕ್ರೀಡೆ ಎಂಬುದು ನಿಮ್ಮ ಪರವಾದ ಮಾತು. ರಕ್ಷಣಾ ದೋಣಿಗೂ ಬ್ಯಾಟರಿ ಮೋಟರ್ ಹಾಕಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಆದರೆ ಈ ಕಾಗದಗಳಿಗೂ ಮುಂಚೆ ಹೋಗಬೇಕಾದದ್ದು ಕೆರೆಯ ಮೀನುಗಾರರ ಬಳಿಗೆ. ಅವರಿಗೆ ಈ ನೀರು ಅನ್ನ, ನಮಗೆ ಆಟ. ಬಲೆ ಎಲ್ಲಿ ಬಿಟ್ಟಿದೆ, ಯಾವಾಗ ಎತ್ತುತ್ತಾರೆ, ಮುಳುಗಿದ ಮರದ ಬೊಡ್ಡೆಗಳು ಎಲ್ಲಿವೆ ಎಂಬುದು ಅವರಿಗಷ್ಟೇ ಗೊತ್ತು. ಒಂದು ಬಲೆಗೆ ನಡುಹಲಗೆ ಸಿಕ್ಕಿಸಿ ಹರಿದಿರೋ, ಕ್ಲಬ್ ಅಂದಿಗೇ ಮುಗಿಯಿತು. ಅವರು ತೋರಿಸಿದ ಜಾಗದಲ್ಲೇ ಬುರುಡೆ ಕಟ್ಟಿ. ಒಪ್ಪಿದರೆ ರಕ್ಷಣಾ ದೋಣಿಯನ್ನು ಕೂಲಿ ಕೊಟ್ಟು ಅವರಿಗೇ ವಹಿಸಿ, ಅವರ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸಿ. ಹರಿಗೋಲಿನಲ್ಲಿ ಬೆಳೆದ ಮಗುವಿಗೆ ಗಾಳಿ ಮತ್ತು ಅಲೆಯ ಮರ್ಮ ನಮಗಿಂತ ಬೇಗ ತಿಳಿಯುತ್ತದೆ.

ಕಡಲಿಲ್ಲದ ಸೀಮೆಯಲ್ಲಿ ಇದೆಲ್ಲ ಏಕೆ ಎಂದು ನಿಮ್ಮನ್ನು ಕೇಳುವವರು ಸಿಗುತ್ತಾರೆ. ಅವರಿಗೆ ನೇಹಾ ಠಾಕೂರ್ ಹೆಸರು ಹೇಳಿ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತ ಕುಟುಂಬದ ಹುಡುಗಿ, ಭೋಪಾಲದ ಸೈಲಿಂಗ್ ಶಾಲೆಯಲ್ಲಿ ಕಲಿತು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿಕ್ಕ ಹಾಯಿಯ ಐಎಲ್‌ಸಿಎ 4 ವಿಭಾಗದ ಬೆಳ್ಳಿ ಗೆದ್ದಳು. ಭೋಪಾಲದ ದೊಡ್ಡ ಕೆರೆಯೂ ನಮ್ಮ ಸೂಳೆಕೆರೆಯ ಹಾಗೆ ಶತಮಾನಗಳ ಹಿಂದೆ ಏರಿ ಹಾಕಿ ಕಟ್ಟಿಸಿದ್ದೇ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ರಾಷ್ಟ್ರಮಟ್ಟದ ರೇಸ್‌ಗಳು ನಡೆಯುತ್ತವೆ. ನಮ್ಮ ಕೃಷ್ಣರಾಜ ಸಾಗರದಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೈಲಿಂಗ್ ಕ್ಲಬ್ ಸ್ಪರ್ಧೆ ನಡೆಸಿದೆ. ನಿಮ್ಮ ತಂಡದ ಇಬ್ಬರು ಹೈದರಾಬಾದ್ ಅಥವಾ ಚೆನ್ನೈಯ ಕ್ಲಬ್ಬಿಗೆ ಹೋಗಿ ಕಲಿತು ಬರಲಿ. ಓಡುವುದನ್ನು ಕಲಿಯುವುದರ ಜೊತೆಗೆ ಅಲ್ಲಿ ಒಂದು ದಿನ ರೇಸ್ ಅಧಿಕಾರಿಯ ಪಕ್ಕದಲ್ಲಿ ನಿಂತು, ಬಾವುಟ ಯಾವ ಕ್ರಮದಲ್ಲಿ ಏರಿಳಿಯುತ್ತದೆಂದು ನೋಡಿ ಬರೆದುಕೊಂಡು ಬರಲಿ.

ರೇಸ್ ಮುಗಿದ ಮೇಲಿನ ಒಂದು ಗಂಟೆಯನ್ನು ಕೈಬಿಡಬೇಡಿ. ಹಾಯಿ ಒಣಗಿಸುವುದು, ಹಗ್ಗ ಸುರುಳಿ ಸುತ್ತುವುದು, ದೋಣಿ ತೊಳೆಯುವುದು, ಸಡಿಲಾದ ತಿರುಪು ಬಿಗಿಯುವುದು ಎಲ್ಲರೂ ಕೂಡಿ ಮಾಡುವ ಕೆಲಸ. ಗೆದ್ದವರು ಮೊದಲು ಕೈ ಹಾಕಲಿ. ಫಲಿತಾಂಶವನ್ನು ಅಲ್ಲೇ ಗಟ್ಟಿಯಾಗಿ ಓದಿ, ಕೊನೆಯವರ ಹೆಸರನ್ನೂ ಓದಿ. ಮಂಡಕ್ಕಿ, ಮೆಣಸಿನಕಾಯಿ, ಚಹಾ ಬಂದಾಗ ಮಾತು ತಾನಾಗಿಯೇ ಏಳುತ್ತದೆ: ಮೇಲಿನ ಬುರುಡೆಯ ಹತ್ತಿರ ಗಾಳಿ ಬಲಕ್ಕೆ ಸರಿದದ್ದನ್ನು ಯಾರು ಮೊದಲು ಕಂಡರು, ಯಾರು ಎಡಕ್ಕೆ ಹೋಗಿ ಕೆಟ್ಟರು. ಹೊಸಬರು ನಿಜವಾಗಿ ಕಲಿಯುವುದು ಆ ಮಾತಿನಲ್ಲಿ. ಚಾಂಪಿಯನ್ ಆದವರು ತಿಂಗಳಿಗೊಂದು ಭಾನುವಾರ ತಮ್ಮ ದೋಣಿಯನ್ನು ಕಲಿಯುವವರಿಗೆ ಬಿಟ್ಟುಕೊಡಬೇಕೆಂಬ ನಿಯಮವನ್ನೂ ಮಾಡಿಕೊಳ್ಳಿ. ಗಾಳಿಯೇ ಇಲ್ಲದ ದಿನ ಮನೆಗೆ ಹೋಗಬೇಡಿ. ಗಂಟು ಹಾಕುವುದನ್ನು ಕಲಿಸಿ, ನೆಲದ ಮೇಲೆ ಕಲ್ಲುಗಳನ್ನು ದೋಣಿಗಳಂತೆ ಜೋಡಿಸಿ ಯಾರಿಗೆ ಯಾರು ದಾರಿ ಬಿಡಬೇಕೆಂದು ವಾದ ಮಾಡಿ.

ಈಗ ನೀವು ಮಾಡಬೇಕಾದದ್ದು. ಬರುವ ಒಂದು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಯಾರಾದರೊಬ್ಬರು ಕೆರೆಯ ದಡದಲ್ಲಿ ಕೂತು ಅರ್ಧ ಗಂಟೆಗೊಮ್ಮೆ ಗಾಳಿಯ ದಿಕ್ಕು, ಜೋರು, ನೀರಿನ ಅಂಚು ಎಲ್ಲಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸರದಿಯ ಮೇಲೆ ಹೋಗಿ. ಅಷ್ಟನ್ನೂ ತಪ್ಪಿಸುವವರು ಯಾರೆಂದು ದೋಣಿ ಕೊಳ್ಳುವ ಮೊದಲೇ ತಿಳಿಯುತ್ತದೆ. ಆ ಪುಸ್ತಕ ಹಿಡಿದು ಮೀನುಗಾರರ ಜೊತೆ ಕೂತು ರೇಸಿನ ಜಾಗ ಗೊತ್ತುಮಾಡಿ. ಆಮೇಲೆ ಎರಡು ಆಪ್ಟಿಮಿಸ್ಟ್, ನಾಲ್ಕು ಐಎಲ್‌ಸಿಎ ಕೊಳ್ಳಿ, ನವೆಂಬರ್‌ನ ಒಂದು ಭಾನುವಾರ ಹತ್ತೂವರೆಗೆ ಮೊದಲ ಸ್ಟಾರ್ಟ್ ಎಂದು ಪಂಚಾಯಿತಿಯ ಫಲಕದ ಮೇಲೆ ಬರೆಯಿರಿ. ಅದರ ಕೆಳಗೇ ಮೊದಲ ಹತ್ತು ವಾರದ ದಡದ ಸರದಿಯನ್ನು ಹೆಸರು ಸಮೇತ ಹಚ್ಚಿ, ಮೊದಲ ವಾರಕ್ಕೆ ನಿಮ್ಮ ಹೆಸರು ಇರಲಿ.